ಹಲಗೆಗೆ ಬಾರದ ಅರ್ಥ

ಹುನಗುಂದದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಕರಿಹಲಗೆ ಇದೆ. ಸೀಮೆಸುಣ್ಣದಿಂದ ಎರಡು ಗೆರೆ ಎಳೆದು ಅದನ್ನು ಮೂರು ಪಾಲು ಮಾಡಿದ್ದೇನೆ. ಮೊದಲ ಪಾಲಿಗೆ ಇಂಗ್ಲಿಷ್ ಪದ, ನಡುವಿನದಕ್ಕೆ ಅದರ ಉರ್ದು ಅರ್ಥ, ಕೊನೆಯದಕ್ಕೆ ಅದೇ ಅರ್ಥ ಸುಲಭದ ಇಂಗ್ಲಿಷಿನಲ್ಲಿ. ಉರ್ದು ಸಾಲೆಯಲ್ಲಿ ಓದುವ ಓಣಿಯ ಹುಡುಗಿಯರು ಸಂಜೆ ಬಂದು ಚಾಪೆಯ ಮೇಲೆ ಕೂತು ಈ ಮೂರನ್ನೂ ರಾಗವಾಗಿ ಹೇಳುತ್ತಾರೆ. ಇಳಕಲ್ಲಿನ ಉರ್ದು ಸಾಲೆಯಲ್ಲಿ ನಾನು ಕಲಿತದ್ದೂ ಹೀಗೆಯೇ. ನನ್ನ ಟೀಚರ್ ಕಲಿತದ್ದೂ ಹೀಗೆಯೇ ಇರಬೇಕು. ಇದನ್ನು ಬದಲಿಸುವ ಗೋಜಿಗೆ ಯಾರೂ ಹೋಗಿಲ್ಲ, ನಾನೂ ಹೋಗಿಲ್ಲ.

ಇದರಲ್ಲೊಂದು ತಮಾಷೆ ಇದೆ, ಹೊರಗಿನವರಿಗೆ ಗೊತ್ತಾಗುವುದಿಲ್ಲ. ಹಲಗೆಯ ನಡುವೆ ಬರೆಯುವ ಉರ್ದು ನಮ್ಮದಲ್ಲ. ಮನೆಯಲ್ಲಿ ನಾವು ಆಡುವುದು ದಖನಿ. ಅದರಲ್ಲಿ ಬೇಡ ಅನ್ನಲು ‘ನಕ್ಕೋ’ ಇದೆ, ಹೌದು ಅನ್ನಲು ‘ಹೌ’ ಇದೆ, ಅರ್ಧಕ್ಕರ್ಧ ಕನ್ನಡವೂ ಇದೆ. ಪುಸ್ತಕದ ಉರ್ದು ಎಲ್ಲೋ ಉತ್ತರದಿಂದ ಶೇರವಾನಿ ತೊಟ್ಟು ಬಂದ ಬೀಗರ ಹಾಗೆ. ಎದ್ದು ನಿಂತು ಮರ್ಯಾದೆ ಕೊಡುತ್ತೇವೆ, ಜೊತೆಗೆ ಕೂತು ಉಣ್ಣಲು ಮಾತ್ರ ಆಗುವುದಿಲ್ಲ. ಹೀಗಾಗಿ ಇಂಗ್ಲಿಷ್ ಪದ ತಿಳಿಯದ ಹುಡುಗಿಗೆ ಅದರ ಉರ್ದು ಅರ್ಥ ಇನ್ನೂ ತಿಳಿಯುವುದಿಲ್ಲ.

ಒಂದು ಸಂಜೆ ‘ರಿಲಕ್ಟಂಟ್’ ಅಂತ ಬರೆದೆ. ಅದರ ಪಕ್ಕ ‘ಮುತಅಮ್ಮಿಲ್’. ಅದರಾಚೆ ‘ನಾಟ್ ವಿಲ್ಲಿಂಗ್’. ಹುಡುಗಿಯರು ಗಟ್ಟಿಯಾಗಿ ಹೇಳಿ ಮುಗಿಸಿದರು. ಮುಗಿಸಿದ ಮೇಲೆ ಮುಂದಿನ ಸಾಲಿನ ಒಬ್ಬಳು, ಭಾರಿ ಚುರುಕು ಬಾಯಿಯವಳು, ಕೈ ಎತ್ತಿದಳು.

“ಟೀಚರ್, ಮುತಅಮ್ಮಿಲ್ ಅಂದ್ರ ಏನ್ರಿ?”

“ನಿಮ್ಮಮ್ಮಿ ಭಾಂಡೆ ತಿಕ್ಕು ಅಂದ್ರ ನೀ ಹಿಂದ ಮುಂದ ನೋಡ್ತೀಯಲ್ಲ, ಅದು.”

“ಹಂಗ ಹೇಳ್ಬೇಕಿಲ್ಲರಿ ಮತ್ತ!” ಅಂದಳು. ಎಲ್ಲರೂ ನಕ್ಕರು.

ಇದು ನಾಲ್ಕನೆಯ ಅರ್ಥ, ಕನ್ನಡದ್ದು. ಇದನ್ನು ನಾನು ಹಲಗೆಯ ಮೇಲೆ ಯಾವತ್ತೂ ಬರೆದಿಲ್ಲ. ಪರೀಕ್ಷೆಯಲ್ಲಿ ಇದಕ್ಕೆ ಅಂಕವಿಲ್ಲ. ಹುಡುಗಿಯರ ಮನೆಯವರು ನೋಡಿದರೆ ‘ಇದನ್ನ ಕಲಿಯಾಕ ಟ್ಯೂಷನ್ ಯಾಕ ಬೇಕು, ಸಂತ್ಯಾಗ ಅಡ್ಡಾಡಿದ್ರ ಬರತೈತಿ’ ಅನ್ನುತ್ತಾರೆ. ಹಾಗಾಗಿ ಬಾಯಲ್ಲಷ್ಟೇ ಹೇಳುತ್ತೇನೆ. ಹುಡುಗಿಯರ ತಲೆಗೆ ನಿಜವಾಗಿ ಇಳಿಯುವುದು ಮಾತ್ರ ಅದೊಂದೇ.

ನಮ್ಮ ಅಬ್ಬಾ ಇಳಕಲ್ಲಿನಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದರು. ಸೀರೆಯ ಸೆರಗಿಗೆ ಹೋಗುವ ಕೆಂಪು ಅವರ ಕೈಯ ಬಣ್ಣ. ಮೊಣಕೈವರೆಗೂ ಅದು ಅಂಟಿರುತ್ತಿತ್ತು, ಉಗುರಿನ ಸಂದಿಯಿಂದ ಕೊನೆವರೆಗೂ ಹೋಗಲಿಲ್ಲ. ಸಾಲೆ ಕಟ್ಟೆ ಹತ್ತಿದವರಲ್ಲ. ಅವರಿಗೆ ಎರಡು ಮಾತು ಗೊತ್ತಿದ್ದವು. ಒಂದು ದಖನಿ, ಅದಕ್ಕೆ ಅವರು ‘ಮನಿ ಮಾತು’ ಅನ್ನುತ್ತಿದ್ದರು. ಇನ್ನೊಂದು ಕನ್ನಡ, ಅದು ‘ಪೇಟಿ ಮಾತು’. ನೇಕಾರರ ಜೊತೆ, ಅಂಗಡಿಯವರ ಜೊತೆ ಎಲ್ಲ ವ್ಯವಹಾರ ಅದರಲ್ಲೇ.

“ಮನಿ ಮಾತಿನ್ಯಾಗ ಒಂದೀಟು ಹೆಚ್ಚು ಕಡಿಮಿ ನಡೀತೈತಿ. ಪೇಟಿ ಮಾತಿನ್ಯಾಗ ನಡಿಯೂದಿಲ್ಲ,” ಅನ್ನುತ್ತಿದ್ದರು. ಅಂದದ್ದು ದಖನಿಯಲ್ಲಿ; ಮನೆಯವರ ಇಂಥ ಮಾತನ್ನೆಲ್ಲ ನಾನು ಇಲ್ಲಿ ಕನ್ನಡಕ್ಕೆ ಇಳಿಸಿದ್ದೇನೆ.

ಖರೇ ಹಾಗೆಯೇ ಬದುಕಿದರು. ಬಣ್ಣ ಸರಿಯಾಗಿ ಕೂಡದೆ ಹೋದರೆ, ಒಗೆದಾಗ ಬಿಟ್ಟೀತು ಅನ್ನಿಸಿದರೆ, ನೂಲು ಒಯ್ಯಲು ಬಂದ ನೇಕಾರನಿಗೆ ಬಾಗಿಲಲ್ಲೇ ಹೇಳಿಬಿಡುತ್ತಿದ್ದರು. “ಕಾಕಾ, ಈ ಕೆಂಪು ಬಿಡ್ತೈತ್ರಿ. ಮಗ್ಗಕ್ಕ ಹಾಕಬ್ಯಾಡ್ರಿ.” ಹೇಳದೆ ಕೊಟ್ಟರೆ ಆ ಬಡಪಾಯಿ ದಿನಗಟ್ಟಲೆ ಕೂತು ನೇಯುತ್ತಾನೆ, ಮೊದಲ ಒಗೆತಕ್ಕೇ ಸೀರೆಯೆಲ್ಲ ಕೆಂಪಾಗುತ್ತದೆ. ಹೇಳುವುದಿದ್ದರೆ ಮಗ್ಗಕ್ಕೆ ಹಾಕುವ ಮೊದಲೇ ಹೇಳಬೇಕು ಅನ್ನುವುದು ಅವರ ಧರ್ಮ. ಅಮ್ಮಿ ಬದುಕಿದ್ದಾಗ ‘ಈ ಮನುಷ್ಯಾಗ ಧಂದೆ ಮಾಡಾಕ ಬರೂದಿಲ್ಲ’ ಅಂತ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಇಂಥ ಅಬ್ಬಾನಿಗೆ ನನ್ನ ಉರ್ದುವಿನ ಮೇಲೆ ಎಲ್ಲಿಲ್ಲದ ಅಭಿಮಾನ. ಹುನಗುಂದಕ್ಕೆ ಬಂದಾಗಲೆಲ್ಲ ಪಾಠದ ಹೊತ್ತಿಗೆ ಹೊಸ್ತಿಲ ಹತ್ತಿರ ಕೂತು ಕೇಳುತ್ತಿದ್ದರು. ಒಂದಕ್ಷರ ತಿಳಿಯುತ್ತಿರಲಿಲ್ಲ. ಆದರೂ ದುವಾ ಕೇಳುವವರ ಹಾಗೆ ತಲೆ ತಗ್ಗಿಸಿ ಕೂತಿರುತ್ತಿದ್ದರು. ನನಗೆ ನಾಚಿಕೆಯೂ ಆಗುತ್ತಿತ್ತು, ಖುಷಿಯೂ ಆಗುತ್ತಿತ್ತು.

ಅವರಿಗೆ ಊಟ ಇಳಿಯದೆ ಹೋದದ್ದು ಮಾವಿನ ಹಂಗಾಮಿನಲ್ಲಿ. ಮಾವಿನಹಣ್ಣು ಕಂಡರೆ ಜೀವ ಬಿಡುವ ಮನುಷ್ಯ ಒಂದು ಹೋಳು ಬಾಯಿಗಿಟ್ಟು ತಟ್ಟೆ ಸರಿಸಿದರು. ಇಳಕಲ್ಲಿನ ಡಾಕ್ಟರು ನೋಡಿ ಬಾಗಲಕೋಟೆಗೆ ಹೋಗಿ ಅಂದರು. ಭಾಯಿ ಬಾಡಿಗೆ ಕಾರು ಮಾಡಿದ. ಭಾಯಿ ಅಂದರೆ ನನ್ನ ಅಣ್ಣ, ಇಳಕಲ್ಲಿನಲ್ಲೇ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಇದ್ದಾನೆ, ಅಬ್ಬಾ ಇದ್ದದ್ದು ಅವನ ಜೊತೆ. ಇಂಗ್ಲಿಷ್ ಗೊತ್ತಿರುವವಳು ಅಂತ ನನ್ನನ್ನೂ ಹುನಗುಂದದಲ್ಲಿ ಹತ್ತಿಸಿಕೊಂಡರು. ಪರೀಕ್ಷೆಗಳೆಲ್ಲ ಆದವು. ರಿಪೋರ್ಟು ಬರುವ ದಿನ ಮತ್ತೆ ಹೋದೆವು. ಡಾಕ್ಟರ ಕೋಣೆಯೊಳಕ್ಕೆ ಅಬ್ಬಾನ ಜೊತೆ ಹೋದವಳು ನಾನು.

ಡಾಕ್ಟರಿಗೆ ಚೊಕ್ಕ ಕನ್ನಡ ಬರುತ್ತಿತ್ತು. “ಏನ್ರಿ ಅಜ್ಜಾರ, ಇವತ್ತ ನಾಷ್ಟಾ ಹೋತೇನ್ರಿ?” ಅಂತ ಕೇಳಿ ಅಬ್ಬಾನನ್ನು ನಗಿಸಿದರು. ಆಮೇಲೆ ನನ್ನ ಕಡೆ ತಿರುಗಿ ಇಂಗ್ಲಿಷ್ ಶುರು ಮಾಡಿದರು. ‘ಅಡ್ವಾನ್ಸ್ಡ್’ ಅಂದರು. ‘ಪ್ರೋಗ್ನೋಸಿಸ್’ ಚೆನ್ನಾಗಿಲ್ಲ ಅಂದರು. ಇನ್ನು ಮುಂದೆ ಮಾಡುವುದೆಲ್ಲ ‘ಪ್ಯಾಲಿಯೇಟಿವ್’ ಅಂದರು. ಅಬ್ಬಾ ಸ್ಟೂಲಿನ ಮೇಲೆ ಕೂತು ಒಮ್ಮೆ ಅವರ ಬಾಯಿ, ಒಮ್ಮೆ ನನ್ನ ಮುಖ ನೋಡುತ್ತಿದ್ದರು. ರೋಗ ಅವರದು, ಮಾತು ನಮ್ಮಿಬ್ಬರದು. ಆಗ ಡಾಕ್ಟರು ಭಾಳ ಸೂಕ್ಷ್ಮ ಮನುಷ್ಯ ಅನ್ನಿಸಿತ್ತು. ಈಗ ಸಿಟ್ಟು ಬರುತ್ತದೆ. ಊಟ ಕೇಳಲು ಇದ್ದ ಕನ್ನಡ ಇದಕ್ಕೆ ಯಾಕೆ ಇರಲಿಲ್ಲ?

ಹೊರಗೆ ಚಹಾದ ಅಂಗಡಿಯ ಹಿಂದೆ ಭಾಯಿಗೆ ಹೇಳಿದೆ. ಕಲ್ಲಿನ ನಡುವೆ ಇದ್ದು ಕಲ್ಲಿನ ಹಾಗೇ ಆಗಿರುವ ಅಣ್ಣ ಗೋಡೆಗೆ ಮುಖ ಮಾಡಿ ಅತ್ತ. ಮುಖ ಒರೆಸಿಕೊಂಡವನೇ ಹೇಳಿದ:

“ಅಬ್ಬಾಗ ಗೊತ್ತಾಗಬಾರ್ದು. ಗೊತ್ತಾದ್ರ ಎದಿ ಒಡಕೊಂಡ ಸಾಯ್ತಾರ.”

ನಮ್ಮ ಮನೆಯ ಪದ್ಧತಿಯೇ ಇದು. ಆ ರೋಗದ ಹೆಸರನ್ನು ಯಾರೂ ಬಾಯಲ್ಲಿ ತರುವುದಿಲ್ಲ. ‘ವೋ ಬೀಮಾರಿ’ ಅನ್ನುತ್ತಾರೆ, ಅಂದರೆ ‘ಆ ರೋಗ’. ಅದನ್ನೂ ದನಿ ಇಳಿಸಿ. ರೋಗಿಯ ಮುಂದೆ ಅದೂ ಇಲ್ಲ. ಅಮ್ಮಿಗೆ ಏನಾಗಿತ್ತು ಅಂತ ನನಗೆ ಗೊತ್ತಾದದ್ದು ಅವಳು ತೀರಿದ ನಲವತ್ತನೆಯ ದಿನದ ಫಾತಿಹಾ ಮುಗಿದ ಮೇಲೆ.

ವಾಪಸು ಬರುವಾಗ ಭಾಯಿ ಅಮೀನಗಡದಲ್ಲಿ ಕಾರು ನಿಲ್ಲಿಸಿ ಅಬ್ಬಾನಿಗೆ ಅಂತ ಕರದಂಟು ತಂದ. ಅನ್ನವೇ ಇಳಿಯದ ಗಂಟಲಿಗೆ ಕರದಂಟು! ಅವನಿಗೆ ಮತ್ತೇನು ಮಾಡಬೇಕೋ ತಿಳಿದಿರಲಿಲ್ಲ. ಅವನು ಅಂಗಡಿಯಲ್ಲಿರುವಾಗ ಅಬ್ಬಾ ನನ್ನನ್ನು ಕೇಳಿದರು:

“ಕ್ಯಾ ಬೋಲ್ಯಾ ಡಾಕ್ಟರ್?”

ಏನಂದ ಡಾಕ್ಟರ್. ಸುಳ್ಳು ಹೇಳುವುದು ನನ್ನ ಜಾಯಮಾನವಲ್ಲ, ಹೇಳಿದರೂ ಮುಖದಲ್ಲಿ ಸಿಕ್ಕಿಬೀಳುತ್ತೇನೆ. ಖರೆ ಹೇಳಬಾರದು ಅಂತ ಅಣ್ಣನ ತಾಕೀತು. ಆಗ ನನ್ನ ಹಲಗೆಯ ನಡುವಿನ ಪಾಲು ಕೈ ಹಿಡಿಯಿತು.

“ಮರ್ಜ್ ನಾಕಾಬಿಲ್-ಎ-ಇಂದಿಮಾಲ್ ಹೈ, ಅಬ್ಬಾ. ಇಲಾಜ್ ಮಹಜ್ ತಸ್ಕೀನ್-ಬಖ್ಷ್ ಹೈ.”

ವಾಸಿಯಾಗುವ ರೋಗವಲ್ಲ, ಮದ್ದು ನೋವು ತಣಿಸಲಿಕ್ಕೆ ಮಾತ್ರ. ಡಾಕ್ಟರು ಹೇಳಿದ್ದರಲ್ಲಿ ಒಂದಿಷ್ಟೂ ಬಿಡದೆ ಹೇಳಿದ್ದೆ. ಅಬ್ಬಾನಿಗೆ ಅದರಲ್ಲಿ ತಿಳಿದದ್ದು ‘ಇಲಾಜ್’ ಅನ್ನುವ ಒಂದು ಮಾತು. ಮದ್ದು ಇದೆಯಲ್ಲ, ಸಾಕು ಅನ್ನುವ ಹಾಗೆ ತಲೆ ಆಡಿಸಿದರು. ಮುಂದೆ ಬಗ್ಗಿ ಕಾರಿನವನಿಗೆ, “ನನ್ನ ಮಗಳ ಉರ್ದು ಕೇಳಿದ್ರೇನ್ರಿ? ಎಂಥಾ ಉರ್ದು!” ಅಂದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಅಂದುಕೊಂಡು ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಇನ್ನು ಫುಫ್ಫುವಿನ ವಿಷಯ ಹೇಳಬೇಕು. ಫುಫ್ಫು ಅಂದರೆ ಅಬ್ಬಾನ ಅಕ್ಕ, ಬಾದಾಮಿಯಲ್ಲಿದ್ದಾಳೆ. ತಾಯಿ ಬೇಗ ತೀರಿದ್ದರಿಂದ ಅಬ್ಬಾನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ನನ್ನನ್ನು ತನ್ನ ಮಗನಿಗೆ ತಂದುಕೊಳ್ಳಬೇಕು ಅಂತ ಅವಳಿಗೆ ಆಸೆಯಿತ್ತು. ಹುಡುಗ ಬಂಗಾರದಂಥವನು, ಆದರೆ ಅಬ್ಬಾ ಹುನಗುಂದದ ಸಂಬಂಧ ನೋಡಿದರು. ಫುಫ್ಫು ನನ್ನ ಮದುವೆಗೆ ಬರಲಿಲ್ಲ. ಅಬ್ಬಾ ಪೇಟೆಯಲ್ಲಿ ನಾಲ್ಕು ಜನರ ಮುಂದೆ ಏನೋ ಅಂದರು, ಅದು ಬಾದಾಮಿ ಮುಟ್ಟಿತು. ಅವಳು ಒಂದಕ್ಕೆ ಎರಡು ಸೇರಿಸಿ ತಿರುಗಿ ಅಂದಳು, ಅದು ಇಳಕಲ್ಲು ಮುಟ್ಟಿತು. ಅಲ್ಲಿಗೆ ಹೋಗಿಬರುವುದು ನಿಂತಿತು. ಈಚೆಗೆ ಅವಳು ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಕಿವಿಯೂ ಮಂದವಾಗಿತ್ತು.

ನಮ್ಮಲ್ಲಿ ಒಂದು ರೂಢಿಯಿದೆ. ಹಜ್‌ಗೆ ಹೊರಟವರು, ಇನ್ನು ಹೆಚ್ಚು ದಿನ ಇಲ್ಲ ಅಂತ ತಿಳಿದವರು, ಮನಸ್ತಾಪ ಇದ್ದವರ ಮನೆಗೆ ಹೋಗಿ ಕೈ ಹಿಡಿದು ‘ಕಹಾ ಸುನಾ ಮಾಫ್ ಕರೋ’ ಅನ್ನುತ್ತಾರೆ. ಅಂದದ್ದು, ಆಡಿದ್ದು ಕ್ಷಮಿಸು ಅಂತ. ಎದುರಿನವರು ‘ಮಾಫ್ ಕಿಯಾ’ ಅನ್ನಬೇಕು. ಅಲ್ಲಿಗೆ ಎಲ್ಲ ಹರಿಯಿತು. ಎದುರೆದುರು ಕೂತೇ ಹೇಳಬೇಕು, ಬೇರೆಯವರ ಕೈಯಲ್ಲಿ ಹೇಳಿ ಕಳಿಸಿದರೆ ಅದು ಮಾಫಿಯಲ್ಲ ಅನ್ನುವುದು ಅಬ್ಬಾನ ಹಟ.

ಬಾಗಲಕೋಟೆಯಿಂದ ಬಂದ ಮೇಲೆ ಅಬ್ಬಾ ಬಾದಾಮಿಗೆ ಹೋಗಿ, ಹಾಸಿಗೆ ಹಿಡಿದ ಅಕ್ಕನ ಮಾಫಿ ಕೇಳಿ ಬರುವ ಮಾತು ತೆಗೆದರು. ಆಗಿನ್ನೂ ಅವರು ಮಸೀದಿಗೆ ನಡೆದು ಹೋಗುತ್ತಿದ್ದರು, ನೇಕಾರರ ಓಣಿಯಲ್ಲಿ ಕೂತು ಹರಟೆ ಹೊಡೆದು ಬರುತ್ತಿದ್ದರು. ಭಾಯಿ ಹೆದರಿದ. ಮಾಫಿ ಕೇಳಲು ಹೊರಟ ಮನುಷ್ಯನಿಗೆ ಸಾವು ಗೊತ್ತಾಗಿಬಿಡುತ್ತದೆ ಅಂತ ಅವನ ಲೆಕ್ಕ.

“ಈಗ್ಯಾಕ್ರಿ ಅಬ್ಬಾ? ಆರಾಮ ಆದ ಮ್ಯಾಲೆ ಹೋಗೂಣು,” ಅಂದ.

ಅಬ್ಬಾ ಒಪ್ಪಿದರು. ಅದರಲ್ಲಿ ಅವರ ಸೊಕ್ಕೂ ಇತ್ತು. ಬಡಕಲಾದ ಮೈ ಹೊತ್ತು ಹೋಗಿ ನಿಂತರೆ ಅಕ್ಕನ ಮುಂದೆ ಕನಿಕರ ಬೇಡಲು ಹೋದ ಹಾಗಾಗುತ್ತದೆ, ಮೈ ತುಂಬಿಕೊಂಡು ಬಸ್ಸಿನಲ್ಲಿ ಹೋಗಿ ಇಳಿಯುತ್ತೇನೆ, ಸೋತು ಬಂದವನು ಅಂತ ಅವಳು ಅನ್ನಬಾರದು ಅಂದರು. ಗುಣವಾಗುವ ಮನುಷ್ಯನಿಗೆ ಅದು ಸರಿಯಾದ ಮಾತೇ. ಅದು ಆಗದ ಮಾತು ಅಂತ ಗೊತ್ತಿದ್ದ ನಾನು ಔಷಧದ ಚೀಟಿ ಮಡಚಿ ಡಬ್ಬಿಗೆ ಹಾಕಿದೆ.

ವಾರಕ್ಕೊಮ್ಮೆ ಇಳಕಲ್ಲಿಗೆ ಹೋಗುತ್ತಿದ್ದೆ. ಅಬ್ಬಾ ಪ್ರತಿಸಲ ಕೇಳುವರು, ನಾನು ಪ್ರತಿಸಲ ಅದೇ ಭಾರಿ ಉರ್ದುವಿನಲ್ಲಿ ಹೇಳುವೆ. ಆ ಪದಗಳು ಅವರಿಗೆ ಬಾಯಿಪಾಠವಾದವು. ನೋಡಲು ಬಂದ ನೇಕಾರ ಕಾಕಾನಿಗೆ, “ಇಂದಿಮಾಲ್ ಅಂತ ಏನೋ ಐತಂತ್ರಿ. ಔಷಧ ನಡದೈತಿ,” ಅಂತ ಹೆಮ್ಮೆಯಿಂದ ಹೇಳುವುದನ್ನು ನಾನೇ ಕೇಳಿದೆ. ಕಾಕಾ ತಲೆ ತೂಗಿದರು. ನಾನು ಎದ್ದು ಒಳಗೆ ಹೋಗಿ ಭಾಭಿಯ, ಅಂದರೆ ಅತ್ತಿಗೆಯ, ಜೊತೆ ಸುಮ್ಮನೆ ಉಳ್ಳಾಗಡ್ಡಿ ಹೆಚ್ಚುತ್ತ ಕೂತೆ. ಅಳಲಿಕ್ಕೆ ಅದಕ್ಕಿಂತ ಒಳ್ಳೆಯ ನೆಪ ಇಲ್ಲ.

ಆ ದಿನಗಳಲ್ಲೇ ಒಂದು ಸಂಜೆ, ಯಾಕೋ ಗೊತ್ತಿಲ್ಲ, ಹಲಗೆಯ ಮೇಲೆ ‘ಪ್ಯಾಲಿಯೇಟಿವ್’ ಅಂತ ಬರೆದೆ. ನಡುವೆ ‘ತಸ್ಕೀನ್-ಬಖ್ಷ್’. ಕೊನೆಗೆ, ವಾಸಿ ಮಾಡದೆ ನೋವು ಮಾತ್ರ ತಗ್ಗಿಸುವಂಥದ್ದು ಅಂತ ಇಂಗ್ಲಿಷಿನಲ್ಲಿ. ಹುಡುಗಿಯರು ಆಟದ ಹಾಡಿನ ಹಾಗೆ ಹೇಳಿದರು. ಚುರುಕು ಬಾಯಿಯವಳು ಎಂದಿನಂತೆ ಕೈ ಎತ್ತಿದಳು.

“ಟೀಚರ್, ಹಂಗಂದ್ರ?”

ಎಲ್ಲರೂ ನಾಲ್ಕನೆಯ ಅರ್ಥಕ್ಕೆ ಕಾದರು. ನಾನು ಅರಿವೆ ತೆಗೆದುಕೊಂಡು ಹಲಗೆ ಒರೆಸಿದೆ. ಗೊತ್ತಿಲ್ಲದೆ ಅಲ್ಲ. ಕನ್ನಡದಲ್ಲಿ ಒಮ್ಮೆ ಹೇಳಿದರೆ ಅದು ಖರೆ ಆಗಿಬಿಡುತ್ತಿತ್ತು. ಇವತ್ತಿಗೆ ಸಾಕು, ಮನೆಗೆ ಹೋಗಿ ಅಂದೆ. ಹುಡುಗಿಯರು ಮುಖ ಮುಖ ನೋಡಿಕೊಂಡು ಚಪ್ಪಲಿ ಹುಡುಕಿದರು.

ಅಬ್ಬಾ ಮಸೀದಿಗೆ ಹೋಗುವುದು ನಿಂತಿತು. ಆಮೇಲೆ ಅಂಗಳಕ್ಕೆ ಬರುವುದು. ಆಮೇಲೆ ಕೂಡುವುದು. ನಾವೆಲ್ಲ ಆರಾಮ ಆಗುತ್ತೀರಿ ಅನ್ನುತ್ತಲೇ ಇದ್ದೆವು. ಬಾದಾಮಿಯಿಂದ ಫುಫ್ಫುವಿನ ಮಗ ಫೋನು ಮಾಡಿ ಕೇಳಿದರೆ ಅವನಿಗೂ ಭಾಯಿ ಹಾಗೆಯೇ ಹೇಳಿದ. ಮಾತು ಎಲ್ಲಿ ಸೋರುತ್ತದೋ ಅಂತ ಅವನು ಯಾರನ್ನೂ ನಂಬುತ್ತಿರಲಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ಭಾಯಿ ಜುಮ್ಮಾ ನಮಾಜಿಗೆ ಹೋಗಿದ್ದ. ಭಾಭಿ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಳು. ಪಕ್ಕದ ಮನೆಯ ಪವರ್‌ಲೂಮು ಖಟಾಖಟ ಅನ್ನುತ್ತಿತ್ತು. ನಾನು ಅಬ್ಬಾನ ತುಟಿಗೆ ಒದ್ದೆ ಅರಿವೆ ಒತ್ತುತ್ತಿದ್ದೆ. ಅವರು ನನ್ನ ಕೈ ಸರಿಸಿ ಕನ್ನಡದಲ್ಲಿ ಮಾತಾಡಿದರು. ಅದಕ್ಕೂ ಮೊದಲು ಮನೆಯೊಳಗೆ ನನ್ನ ಜೊತೆ ಅವರು ಕನ್ನಡ ಆಡಿದ್ದು ನನಗೆ ನೆನಪಿಲ್ಲ.

“ಡಾಕ್ಟರ್ ಏನಂದ? ಕನ್ನಡದಾಗ ಹೇಳವಾ.”

“ಹೇಳೇನಲ್ಲರಿ ಅಬ್ಬಾ, ಅವತ್ತ...”

“ಅವತ್ತ ಉರ್ದುದಾಗ ಹೇಳಿದಿ. ಚಂದ ಹೇಳಿದಿ. ಇವರೆಲ್ಲಾ ಮನಿ ಮಾತಿನ್ಯಾಗ ಹೇಳ್ತಾರ, ಅದೂ ಚಂದ ಹೇಳ್ತಾರ.” ಉಸಿರು ತೆಗೆದುಕೊಂಡರು. “ನಾ ಬಿಡೂ ಬಣ್ಣದ ನೂಲು ಯಾರಿಗೂ ಹೇಳದ ಕೊಟ್ಟಿಲ್ಲ. ನನಗ ಯಾಕ ಕೊಡಾಕತ್ತೀರಿ?”

ಅವರ ಬೆರಳು ನೋಡುತ್ತ ಕೂತೆ. ಉಗುರಿನ ಸಂದಿಯಲ್ಲಿ ಆ ಕೆಂಪು ಹಾಗೇ ಇತ್ತು.

“ಆರಾಮ ಆಗೂದಿಲ್ಲ, ಅಬ್ಬಾ,” ಅಂದೆ.

ಅಷ್ಟೇ ಮಾತು. ಉರ್ದುವಿನಲ್ಲಿ ಅದಕ್ಕೆ ಎಷ್ಟು ಜರಿ ಹಚ್ಚಿದ್ದೆ! ಭಾಯಿ ಹೆದರಿದ ಹಾಗೆ ಅವರೇನೂ ಎದೆ ಒಡೆದುಕೊಳ್ಳಲಿಲ್ಲ. ಕಣ್ಣು ಸೂರಿನ ಕಡೆ ಇತ್ತು.

“ಯಾವಾಗಿಂದ ಗೊತ್ತು?”

“ಬಾಗಲಕೋಟಿಯಿಂದ ಬಂದಾಗಿಂದ.”

“ಆಗ ನಾ ಅಡ್ಡಾಡ್ತಿದ್ದೆ,” ಅಂದರು. ಕಣ್ಣು ನನ್ನ ಕಡೆ ತಿರುಗಿಸಿ, “ಬಾದಾಮಿಗಿ ಹೋಗಿ ಬರ್ತಿದ್ದೆ,” ಅಂದರು.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಈಗ ಕರೆದುಕೊಂಡು ಹೋಗಲು ಆಗುತ್ತದೇನು ಅಂತ ಕೇಳಿದರು. ಮಗ್ಗುಲಾಗಿಸಿದರೆ ಉಸಿರು ಕಟ್ಟುತ್ತಿತ್ತು; ಬಾದಾಮಿಗೆ ಹೋಗುವ ಗುಳೇದಗುಡ್ಡದ ಆ ತಗ್ಗುದಿನ್ನೆ ರಸ್ತೆಯ ಮೇಲೆ ಅವರನ್ನು ಹೇಗೆ ಒಯ್ಯುವುದು? ಇಲ್ಲ ಅಂತ ತಲೆ ಆಡಿಸಿದೆ. ಅದನ್ನೂ ಬಾಯಲ್ಲಿ ಹೇಳಲಾಗಲಿಲ್ಲ. “ಹಂಗಾರ ಫೋನ್ ಹಚ್ಚು,” ಅಂದರು. ಮಾಫಿ ಎದುರೆದುರೇ ಆಗಬೇಕು ಅನ್ನುತ್ತಿದ್ದ ಮನುಷ್ಯ.

ಫುಫ್ಫುವಿನ ಮಗ ಎತ್ತಿದ. ಅಮ್ಮನ ಕಿವಿಗೆ ಹಿಡಿ, ಅಬ್ಬಾ ಮಾತಾಡುತ್ತಾರೆ ಅಂದೆ. ನಮ್ಮ ಕಡೆ ಸ್ಪೀಕರ್ ಹಾಕಿ ಅಬ್ಬಾನ ಬಾಯಿಯ ಹತ್ತಿರ ಹಿಡಿದೆ. ಅವರು ಇದ್ದಬಿದ್ದ ಶಕ್ತಿಯನ್ನೆಲ್ಲ ಕೂಡಿಸಿ, “ಆಪಾ, ಕಹಾ ಸುನಾ ಮಾಫ್ ಕರೋ,” ಅಂದರು. ದನಿ ಎಲ್ಲಿತ್ತು? ಗಾಳಿಯಷ್ಟೇ. ಆ ಕಡೆ ಫುಫ್ಫು ಯಾರು, ಏನು ಅಂತ ಕೂಗಾಡಿದಳು. ಮಗ ಜೋರಾಗಿ ತಿಳಿಸಿ ಹೇಳಿದ. ಆಮೇಲೆ ಅವಳು ನಕ್ಕಳು. ಹಾಸಿಗೆ ಹಿಡಿದರೂ ಅದೇ ಹಳೆಯ ಠೀವಿಯ ಅಕ್ಕ.

“ಅಚ್ಛಾ ಹೋಕೋ ಆ ಬೋಲೋ ಉಸ್ಕು. ಸಾಮ್ನೆ ಬೈಟ್ ಕೋ ಬೋಲ್ನಾ.”

ಆರಾಮ ಆಗಿ ಬಾ ಅನ್ನು ಅವನಿಗೆ. ಎದುರಿಗೆ ಕೂತು ಹೇಳಬೇಕು. ನಾವು ಅವಳಿಗೆ ಹೇಳಿಕೊಂಡು ಬಂದದ್ದನ್ನೇ ಅವಳು ನಮಗೆ ಹೇಳಿದಳು. ಅವಳದೇನು ತಪ್ಪು?

ಅಬ್ಬಾ ಕಣ್ಣು ಮುಚ್ಚಿ, “ನೀ ಹೇಳವಾ ಆಕಿಗಿ,” ಅಂದರು.

ಫೋನು ಬಾಯಿಗೆ ಹಿಡಿದೆ. ಇಷ್ಟು ದಿನ ಶೇರವಾನಿ ತೊಡಿಸಿ ಮುಚ್ಚಿಟ್ಟದ್ದನ್ನು ಮನೆಯ ಮಾತಿನಲ್ಲಿ, ಅಬ್ಬಾನ ತಲೆದಿಂಬಿನ ಹತ್ತಿರ ಕೂತು, ಕೂಗಿ ಹೇಳಿದೆ.

“ಅಬ್ಬಾ ಅಚ್ಛೆ ನೈ ಹೋತೆ, ಫುಫ್ಫು!”

ಅಬ್ಬಾ ವಾಸಿಯಾಗುವುದಿಲ್ಲ. ಭಾಭಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಬಾದಾಮಿಯಿಂದ ಫುಫ್ಫು, “ಕ್ಯಾ?” ಅಂದಳು.

“ಇನ್ನೂ ಜೋರ್ಲೆ ಹೇಳು,” ಅಂದರು ಅಬ್ಬಾ. “ಆಕಿಗಿ ಕಿವಿ ಕೇಳ್ಸೂದಿಲ್ಲ.”